ಸಾಕ್ಷಿ ಉಳಿಯದಿದ್ದರೆ ತಪ್ಪಿಲ್ಲ: ಡ್ರೌ ಮನೆತನಗಳೂ ಅವರ ಜೇಡದಮ್ಮನೂ

ಕಲ್ಪಿತ ಲೋಕವೊಂದರ ಕಪ್ಪು ಎಲ್ಫ್ ಜನರಾದ ಡ್ರೌಗಳ ಮೆಂಜೊಬೆರಾಂಜನ್ ಎಂಬ ನಗರದಲ್ಲಿ ಒಂದು ಮನೆತನ ಇನ್ನೊಂದರ ಮೇಲೆ ರಾತ್ರೋರಾತ್ರಿ ಬಿದ್ದು, ಯಜಮಾನಿ, ಹೆಣ್ಣುಮಕ್ಕಳು, ಗಂಡುಮಕ್ಕಳು ಯಾರನ್ನೂ ಬಿಡದೆ ಮುಗಿಸಿದರೆ ಬೆಳಿಗ್ಗೆ ಅಲ್ಲಿ ಏನೂ ನಡೆದಿರುವುದಿಲ್ಲ. ಆ ಹೆಸರಿನ ಮನೆತನವೇ ಇರಲಿಲ್ಲ ಎಂಬಂತೆ ಊರು ಮಾತಾಡುತ್ತದೆ. ಸೋತ ಮನೆಯ ಒಂದೇ ಒಂದು ಕುಡಿ ತಪ್ಪಿಸಿಕೊಂಡು ಬಂದು, ಆಡಳಿತ ಮಂಡಳಿಯ ಮುಂದೆ ನಿಂತು ಬೊಟ್ಟು ಮಾಡಿ ತೋರಿಸಿತೋ, ದಾಳಿ ಮಾಡಿದ ಮನೆತನವನ್ನು ಮಿಕ್ಕವರೆಲ್ಲ ಸೇರಿ ನೆಲಸಮ ಮಾಡುತ್ತಾರೆ. ಕೊಲೆಗೆ ಶಿಕ್ಷೆ ಇಲ್ಲ. ಕೆಲಸವನ್ನು ಅರ್ಧಕ್ಕೆ ಬಿಟ್ಟದ್ದಕ್ಕೆ ಶಿಕ್ಷೆ.

ಮೇಜಿನ ಸುತ್ತ ಕೂತು, ದಾಳ ಉರುಳಿಸಿ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಈ ಡ್ರೌಗಳ ಬಗ್ಗೆ ಕೇಳಿದರೆ ಹೆಚ್ಚಿನವರಿಂದ ಬರುವುದು ಮೂರು ಮಾತು: ನೆಲದಡಿ ಇರ್ತಾರೆ, ಜೇಡನ್ನ ಪೂಜೆ ಮಾಡ್ತಾರೆ, ಕೆಟ್ಟವರು. ಮೂರನೆಯ ಮಾತಿನಿಂದ ಆಟ ನಡೆಸುವವರಿಗೆ ಮೂರು ಕಾಸಿನ ಉಪಯೋಗವಿಲ್ಲ. 'ಕೆಟ್ಟವಳು' ಅಂದಮಾತ್ರಕ್ಕೆ ಒಬ್ಬ ಪೂಜಾರಿಣಿ ನಾಳೆ ಬೆಳಿಗ್ಗೆ ಯಾರ ಮನೆ ಬಾಗಿಲು ತಟ್ಟುತ್ತಾಳೆ ಎಂದು ಗೊತ್ತಾಗುವುದಿಲ್ಲ. ಮೇಲಿನ ಕಾನೂನಿನಿಂದ ಗೊತ್ತಾಗುತ್ತದೆ. ದಾವಣಗೆರೆಯಲ್ಲಿ ಬಾಲ್ಡರ್ಸ್ ಗೇಟ್ 3 ಎಂಬ ಕಂಪ್ಯೂಟರ್ ಆಟ ಆಡಿ, ಅದರ ಡ್ರೌ ಪಾತ್ರ ಮಿಂಥಾರಾಳ ಹಾವಭಾವಕ್ಕೆ ಮರುಳಾಗಿ, ಈಗ ನಾಲ್ಕು ಗೆಳೆಯರನ್ನು ಕೂರಿಸಿಕೊಂಡು ಮೇಜಿನ ಮೇಲೆ ಡ್ರೌ ಕಥೆ ನಡೆಸಲು ಹೊರಟವರಿಗೆ ಈ ಬರಹ. ಎಂ.ಸಿ.ಸಿ. ಬಿ ಬ್ಲಾಕಿನ ಮಹಡಿಯೋ, ಚಿತ್ರದುರ್ಗದ ಹಾಸ್ಟೆಲ್ ಕೋಣೆಯೋ, ಜಾಗ ಯಾವುದಾದರೂ ಸರಿ.

ಮೊದಲು ಹುಟ್ಟಿದ ಕಥೆ ಚುಟುಕಾಗಿ. ಆಟ ಬಂದದ್ದು 1974ರಲ್ಲಿ. ಡ್ರೌ ಎಂಬ ಹೆಸರು 1977ರ ರಾಕ್ಷಸ ಕೋಶದಲ್ಲಿ (ಮಾನ್‌ಸ್ಟರ್ ಮ್ಯಾನ್ಯುಯಲ್), ಎಲ್ಫ್‌ಗಳ ವಿವರದ ನಡುವೆ ನಾಲ್ಕು ಸಾಲಾಗಿ ಸುಳಿದುಹೋಯಿತು. 1978ರಲ್ಲಿ ಆಟದ ಕರ್ತೃಗಳಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಬರೆದ ಸಾಹಸ ಪುಸ್ತಕಗಳಲ್ಲಿ ಅವರು ಮೈಕೈ ತುಂಬಿಕೊಂಡು ಬಂದರು. ಅವರ ಊರು ಎರೆಲ್ಹೈ-ಸಿನ್ಲು ಕೂಡ ಆಗಲೇ ಬಂತು, ಲೋಲ್ತ್ ಎಂಬ ಜೇಡರಾಣಿಯೂ ಬಂದಳು. ಆಟಗಾರರೇ ಡ್ರೌ ಆಗಬಹುದು ಎಂಬ ನಿಯಮ 1985ರದು. ನಾವು ಇಂದು 'ಡ್ರೌ ಸಮಾಜ' ಎನ್ನುವುದರ ಬಹುಪಾಲು ಫರ್ಗಾಟನ್ ರೆಲ್ಮ್ಸ್ ಎಂಬ, ಆಟದ ಕಲ್ಪಿತ ಲೋಕದ್ದು. ಆ ಲೋಕದ ಕರ್ತೃ ಎಡ್ ಗ್ರೀನ್‌ವುಡ್ ಮತ್ತು ಡ್ರಿಜ್ಟ್ ಎಂಬ ಡ್ರೌ ಕಥಾನಾಯಕನನ್ನು ಸೃಷ್ಟಿಸಿದ ಆರ್.ಎ. ಸಾಲ್ವತೋರೆ ಇಬ್ಬರೂ 1990ರ ಆಸುಪಾಸಿನಲ್ಲಿ ಅದಕ್ಕೆ ಆಕಾರ ಕೊಟ್ಟರು. ಉಚ್ಚಾರ 'ಡ್ರೌ', ಇಂಗ್ಲಿಷಿನ 'ಕೌ' ಪ್ರಾಸದಲ್ಲಿ. 'ಡ್ರೋ' ಅಂದರೂ ಯಾರೂ ನಿಮ್ಮ ದಾಳ ಕಿತ್ತುಕೊಳ್ಳುವುದಿಲ್ಲ.

ಜೇಡ ಅಂದರೆ ನೇಯುವವಳು

ಲೋಲ್ತ್ ಮೊದಲು ಜೇಡವಾಗಿರಲಿಲ್ಲ. ಅವಳ ಹೆಸರು ಅರೌಶ್ನೀ. ಎಲ್ಫ್ ದೇವತೆಗಳ ಒಡೆಯ ಕೊರೆಲಾನ್ ಲರೇಥಿಯನ್‌ನ ಸಂಗಾತಿ, ವಿಧಿಯನ್ನು ನೇಯುವವಳು, ಕುಶಲಕರ್ಮಿಗಳ ದೇವಿ. ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ಜೇಡ ಅಂದರೆ ನಮ್ಮಲ್ಲಿ ಹುಳುವೂ ಹೌದು, ನೇಕಾರನೂ ಹೌದು. ಜೇಡರ ದಾಸಿಮಯ್ಯನ ಹೆಸರಿನಲ್ಲಿರುವ ಜೇಡ ಮಗ್ಗದವನೇ. ಇಂಗ್ಲಿಷಿನಲ್ಲಿ ಪುಟಗಟ್ಟಲೆ ವಿವರಿಸಬೇಕಾದ ಲೋಲ್ತ್‌ಳ ರೂಪಾಂತರ ನಮ್ಮ ಒಂದೇ ಪದದೊಳಗೆ ಮೊದಲೇ ಕೂತಿದೆ. ಹತ್ತಿ ಗಿರಣಿಗಳಿಂದ ಹೆಸರು ಮಾಡಿದ ಊರಿನಲ್ಲಿ ಆಟ ನಡೆಸುವವರು ಇದನ್ನು ಬಿಟ್ಟುಕೊಡಬಾರದು.

ಅವಳು ಮೋಸ ಮಾಡಿದ್ದೂ ನೇಯ್ಗೆಯಿಂದಲೇ. ಕೊರೆಲಾನ್ ಒರ್ಕ್‌ಗಳ ದೇವರು ಗ್ರೂಮ್ಶ್‌ನೊಂದಿಗೆ ಕಾದಾಡಲು ಹೋದಾಗ ಸೊಂಟದಲ್ಲಿದ್ದ ಕತ್ತಿಯ ಒರೆ ಇವಳು ಮಂತ್ರ ಹಾಕಿ ನೇಯ್ದು ಕೊಟ್ಟದ್ದು. ಕತ್ತಿ ಕೈಕೊಡಲಿ ಎಂದೇ ನೇಯ್ದದ್ದು. ಆಮೇಲೆ ದೇವಲೋಕದ ಮೇಲೆ ಶತ್ರುಗಳ ದಂಡು ಕಟ್ಟಿದಳು. ಮಗಳು ಐಲಿಸ್ಟ್ರೈ ಶತ್ರುವಿಗೆ ಬಿಟ್ಟ ಬಾಣ ತಂದೆಗೇ ನಾಟುವಂತೆ ಮಾಡಿದಳು. ಗುಟ್ಟು ಬಯಲಾದ ಮೇಲೆ ಅರೌಶ್ನೀ ಜೇಡರೂಪದ ಪಿಶಾಚಿಯಾಗಿ ಅಬಿಸ್ ಎಂಬ ಪಾತಾಳಕ್ಕೆ ಬಿದ್ದಳು. ಅದರ 66ನೆಯ ಪದರ ಅವಳ ಬಲೆ, ಡೀಮನ್‌ವೆಬ್. ಜೊತೆ ಸೇರಿದ್ದ ಮಗ ವೆರೌನ್‌ನನ್ನೂ ಗಡಿಪಾರು ಮಾಡಿದರು. ತಪ್ಪಿಲ್ಲದ ಐಲಿಸ್ಟ್ರೈ ತಾನಾಗಿಯೇ ಗಡಿಪಾರು ಕೇಳಿ ಪಡೆದಳು. ಮುಂದೊಂದು ದಿನ ಕಪ್ಪು ಎಲ್ಫ್‌ಗಳಿಗೆ ತಾನು ಬೇಕಾಗುತ್ತೇನೆ ಎಂದು. ಆ ಲೋಕದ ಕಾಲಗಣನೆಯಲ್ಲಿ ಶಕಪೂರ್ವ 10,000ರ ಹೊತ್ತಿಗೆ, ಎಲ್ಫ್ ರಾಜ್ಯಗಳ ನಡುವಿನ ಕಿರೀಟ ಯುದ್ಧಗಳ ಫಲವಾಗಿ ಇಲಿಥಿರ್ ನಾಡಿನ ಕಪ್ಪು ಎಲ್ಫ್‌ಗಳು ಕೊರೆಲಾನ್‌ನ ಶಾಪಕ್ಕೆ ಸಿಕ್ಕಿ ಡ್ರೌಗಳಾಗಿ ನೆಲದಡಿಗೆ ಇಳಿದರು.

ಇಷ್ಟು ಪುರಾಣ ಸಾಕು. ಆಟಕ್ಕೆ ಬೇಕಾದದ್ದು ಲೋಲ್ತ್‌ಳ ಸ್ವಭಾವ, ಅದರಲ್ಲೇ ಹೆಚ್ಚಿನವರು ಎಡವುವುದು. ನಮ್ಮ ಕಡೆಯ ಊರಮ್ಮನ ಲೆಕ್ಕವನ್ನೇ ಅವಳಿಗೂ ಹಾಕುತ್ತಾರೆ. ದುರ್ಗದ ಏಕನಾಥೇಶ್ವರಿ ಇರಲಿ, ದಾವಣಗೆರೆಯ ದುಗ್ಗಮ್ಮ ಇರಲಿ, ಹರಕೆ ತಪ್ಪಿದರೆ ಮುನಿದಾಳು ಎಂಬ ಭಯ ಇದ್ದರೂ ಅವಳು ಕಾಯುವುದು ಇಡೀ ಊರನ್ನು. ಜಾತ್ರೆಯಲ್ಲಿ ಎದುರು ಮನೆಯವನೂ ನಿಮ್ಮ ಪಕ್ಕದಲ್ಲೇ ನಿಂತು ಕೈಮುಗಿಯುತ್ತಾನೆ. ಲೋಲ್ತ್ ಊರನ್ನು ಕಾಯುವುದಿಲ್ಲ. ಅವಳ ಕೃಪೆ ಒಬ್ಬಳಿಗೆ ಸಿಗುವುದೆಂದರೆ ಇನ್ನೊಬ್ಬಳ ಕೈಯಿಂದ ಜಾರುವುದೆಂದೇ ಅರ್ಥ. ಕೃಪೆ ಇದೆಯೋ ಇಲ್ಲವೋ ಎಂದು ತಿಳಿಯಲು ಇರುವ ಖಚಿತ ದಾರಿ ಗೆಲ್ಲುವುದು ಮಾತ್ರ. ಗೆದ್ದವಳನ್ನು ಅವಳು ಮೆಚ್ಚಿದ್ದಳು, ಸೋತವಳನ್ನು ಕೈಬಿಟ್ಟಿದ್ದಳು. ವಾದ ಅಲ್ಲಿಗೆ ಮುಗಿಯಿತು. ಹೀಗಾಗಿ ಡ್ರೌ ಧರ್ಮದಲ್ಲಿ ಪಾಪಪ್ರಜ್ಞೆಗೆ ಜಾಗವಿಲ್ಲ, ಆತಂಕಕ್ಕೆ ಬೇಕಾದಷ್ಟಿದೆ.

ಮನೆತನ, ಅದರೊಳಗಿನ ದಾಯಾದಿಗಳು

'ಹೌಸ್' ಎಂಬ ಪದಕ್ಕೆ 'ಮನೆತನ'ಕ್ಕಿಂತ ಒಳ್ಳೆಯ ಕನ್ನಡ ಸಿಗಲಾರದು. ನೆತ್ತಿಯಲ್ಲಿ ಯಜಮಾನಿ, ಆಟದಲ್ಲಿ ಅವಳು ಮೇಟ್ರನ್ ಮದರ್, ಡ್ರೌ ಭಾಷೆಯಲ್ಲಿ ಇಲ್ಹಾರೆಸ್. ಅವಳ ಹೆಣ್ಣುಮಕ್ಕಳು ಲೋಲ್ತ್‌ಳ ಪೂಜಾರಿಣಿಯರು. ಗಂಡಸರಿಗೆ ಪೌರೋಹಿತ್ಯ ಇಲ್ಲ. ಬುದ್ಧಿ ಇದ್ದವನು ಮಾಂತ್ರಿಕ, ತೋಳು ಗಟ್ಟಿ ಇದ್ದವನು ಯೋಧ. ಸೈನಿಕರಿಗೆ ತರಬೇತಿ ಕೊಡುವ ವೆಪನ್ ಮಾಸ್ಟರ್ ಎಂಬಾತ ಯಜಮಾನಿಯ ಸಂಗಾತಿಯೂ ಆಗಿರಬಹುದು, ನಾಳೆ ಬಲಿಯೂ ಆಗಬಹುದು. ನಗರದ ಅಕಾಡೆಮಿ ಟಿಯರ್ ಬ್ರೀಚ್‌ನಲ್ಲಿ ಮೂರು ಶಾಲೆಗಳು: ಪೂಜಾರಿಣಿಯರಿಗೆ ಅರಾಕ್-ಟಿನಿಲಿತ್, ಮಾಂತ್ರಿಕರಿಗೆ ಸೋರ್ಸೆರೆ, ಯೋಧರಿಗೆ ಮೇಲೀ-ಮಗ್ತೇರ್. ಯೋಧನ ಓದು ಹತ್ತು ವರ್ಷ. ಊರನ್ನು ಆಳುವುದು ಮೊದಲ ಎಂಟು ಮನೆತನಗಳ ಯಜಮಾನಿಯರ ಮಂಡಳಿ, ಮೊದಲನೆಯದು ಬೇನ್ರೆ.

ಈ ಏಣಿಯ ಗಣಿತ ವಿಚಿತ್ರ, ಸ್ವಲ್ಪ ನಿಂತು ನೋಡಬೇಕು. ಎಲ್ಲರೂ ಉದಾಹರಿಸುವ ದಾಳಿಯಲ್ಲಿ ಹತ್ತನೆಯ ಮನೆತನ ದೋ-ಉರ್ಡನ್ ನಾಲ್ಕನೆಯ ಮನೆತನ ದೆವಿರ್ ಅನ್ನು ಅಳಿಸಿಹಾಕಿತು. ಸಿಕ್ಕಿದ್ದು ನಾಲ್ಕನೆಯ ಸ್ಥಾನವಲ್ಲ; ಒಂದೇ ಮೆಟ್ಟಿಲು ಏರಿ ಒಂಬತ್ತನೆಯದಾಯಿತು. ನಡುವಿನ ಐದು ಮನೆತನಗಳೂ ಕೂತಲ್ಲೇ ಒಂದೊಂದು ಮೆಟ್ಟಿಲು ಮೇಲೆ ಬಂದವು, ಬೆವರು ಸುರಿಸದೆ. ಹಾಗಿದ್ದರೆ ಅಷ್ಟು ದೊಡ್ಡ ಮನೆಯನ್ನೇ ಏಕೆ ಆರಿಸಿದರು? ದೆವಿರ್ ಯಜಮಾನಿ ಲೋಲ್ತ್‌ಳ ಕೃಪೆ ಕಳೆದುಕೊಂಡಿದ್ದಳು. ಡ್ರೌ ಲೆಕ್ಕದಲ್ಲಿ ದೊಡ್ಡ ಕೋಟೆಯ ಕೃಪೆಗೆಟ್ಟ ಶತ್ರುವಿಗಿಂತ ಸಣ್ಣ ಕೋಟೆಯ ಕೃಪೆಯುಳ್ಳ ಶತ್ರುವೇ ಅಪಾಯ.

ಅದೇ ರಾತ್ರಿ ದೋ-ಉರ್ಡನ್ ಮನೆಯಲ್ಲಿ ಮೂರನೆಯ ಗಂಡುಮಗು ಹುಟ್ಟಿತು. ಬದುಕಿರುವ ಗಂಡುಮಕ್ಕಳಲ್ಲಿ ಮೂರನೆಯವನು ದೇವಿಗೆ ಬಲಿ ಎಂಬುದು ಕಟ್ಟಳೆ. ಆದರೆ ದಾಳಿಯ ಗದ್ದಲದಲ್ಲಿ ಎರಡನೆಯ ಮಗ ದಿನಿನ್ ತನ್ನ ಅಣ್ಣನಿಗೇ ಚೂರಿ ಹಾಕಿ ಹಿರಿಯನಾದ; ಮೂರನೆಯವನು ಎರಡನೆಯವನಾಗಿ ಉಳಿದುಕೊಂಡ. ಆ ಕೂಸೇ ಡ್ರಿಜ್ಟ್. ಮನೆಯೊಳಗಿನ ಕೊಲೆ ಮನೆಯ ಯೋಜನೆಯನ್ನು ಕೆಡಿಸಲಿಲ್ಲ, ಆದ್ದರಿಂದ ತಾಯಿ ಕೇಳಲಿಲ್ಲ. ಡ್ರೌ ದಾಯಾದಿ ಮತ್ಸರಕ್ಕೆ ಇರುವ ಗಡಿ ಇಷ್ಟೇ: ಮನೆ ದುರ್ಬಲವಾಗುವಂತೆ ಮಾಡಬೇಡ, ಸಿಕ್ಕಿಬೀಳಬೇಡ.

ದುರ್ಗದ ಚರಿತ್ರೆ ಓದಿದವರಿಗೆ ದಳವಾಯಿ ಮುದ್ದಣ್ಣನ ದಿನಗಳು ನೆನಪಾದಾವು. 1689ರಲ್ಲಿ ಭರಮಣ್ಣ ನಾಯಕ ಪಟ್ಟಕ್ಕೆ ಬರುವ ಮುಂಚೆ, ಅರಸರನ್ನು ಕೂರಿಸುವುದೂ ಇಳಿಸುವುದೂ ದಳವಾಯಿಯ ಕೈಯಲ್ಲಿದ್ದ ಕಾಲ ಅದು. ವ್ಯತ್ಯಾಸವನ್ನು ಗಮನಿಸಿ. ದುರ್ಗದಲ್ಲಿ ಅದನ್ನು ಜನ ದ್ರೋಹ ಎಂದು ಕರೆದರು. ಡ್ರೌ ಊರಿನಲ್ಲಿ ಅದಕ್ಕೆ ಅಂತಹ ಹೆಸರೇ ಇಲ್ಲ.

ಹಾಗಾದರೆ ಊರು ಕುಸಿಯುವುದಿಲ್ಲವೇಕೆ?

ಹೊಸ ಡಂಜನ್ ಮಾಸ್ಟರ್‌ಗಳು, ಅಂದರೆ ಆಟ ನಡೆಸುವವರು, ಮಾಡುವ ದೊಡ್ಡ ತಪ್ಪು ಇಲ್ಲಿದೆ. ಪ್ರತಿ ಡ್ರೌ ಪ್ರತಿ ನಿಮಿಷ ಪಕ್ಕದವನ ಬೆನ್ನಿಗೆ ಚೂರಿ ಹಾಕುವಂತೆ ಆಡಿಸುತ್ತಾರೆ. ಎರಡನೆಯ ಆಟಕ್ಕೇ ಊರಿನಲ್ಲಿ ಯಾರೂ ಉಳಿದಿರುವುದಿಲ್ಲ, ನಂಬಿಸಲೂ ಆಗುವುದಿಲ್ಲ. ಸುಮಾರು 20,000 ಡ್ರೌಗಳು, ಅದಕ್ಕಿಂತ ಹೆಚ್ಚು ಗುಲಾಮರು ಇರುವ ಊರು ಸಾವಿರಾರು ವರ್ಷ ನಿಂತಿದೆ ಎಂದರೆ ಅದನ್ನು ಹಿಡಿದಿಟ್ಟ ಹಗ್ಗಗಳು ಇರಲೇಬೇಕು.

ಮೊದಲನೆಯ ಹಗ್ಗ ಆ ಸಾಕ್ಷಿಯ ಕಾನೂನೇ. ಒಬ್ಬರೂ ಉಳಿಯದಂತೆ ಮುಗಿಸಬೇಕೆಂದರೆ ವರ್ಷಗಟ್ಟಲೆ ತಯಾರಿ ಬೇಕು. ಗೂಢಚಾರರು, ಮಂತ್ರರಕ್ಷೆ, ಹೊರಗಿನ ಕೂಲಿ ಕತ್ತಿಗಳು. ಹಾಗಾಗಿ ದಾಳಿಗಳು ಅಪರೂಪ, ಹವಣಿಕೆ ನಿತ್ಯ. ಸಾಕ್ಷಿಯೆಂದು ಲೆಕ್ಕಕ್ಕೆ ಬರುವುದೂ ಕುಲೀನರ ರಕ್ತ ಮಾತ್ರ. ಸೋತ ಮನೆಯ ಸಾಮಾನ್ಯ ಸೈನಿಕರನ್ನು ಗೆದ್ದವರು ಸೇರಿಸಿಕೊಳ್ಳುತ್ತಾರೆ, ಊರಿನ ಒಟ್ಟು ಬಲ ಕಡಿಮೆಯಾಗುವುದಿಲ್ಲ. ಮನೆ ಕಳೆದುಕೊಂಡು ಅಲೆಯುವ ಗಂಡಸರನ್ನು ಜಾರ್ಲಾಕ್ಸಲ್ ಎಂಬ ಚತುರನ ಬ್ರೇಗನ್ ದಾರ್ಥ್ ಎಂಬ ಕೂಲಿ ಪಡೆ ಹೀರಿಕೊಳ್ಳುತ್ತದೆ. ಈ ಪಡೆಯನ್ನು ಯಾವ ಯಜಮಾನಿಯೂ ಮುಗಿಸುವುದಿಲ್ಲ. ನಾಳೆ ತನಗೂ ಬೇಕು.

ಎರಡನೆಯದು ಹೊಟ್ಟೆ. ಬಿಸಿಲಿಲ್ಲದ ಗುಹೆಯಲ್ಲಿ ಅನ್ನ ಬರುವುದು ಅಣಬೆ ತೋಟದಿಂದ, ಡೋನಿಗಾರ್ಟನ್ ಎಂಬ ಕೆರೆಯಿಂದ, ಅದರ ನಡುಗಡ್ಡೆಯಲ್ಲಿ ಮೇಯುವ ರೋಥೆ ಎಂಬ ಜಾನುವಾರಿನಿಂದ. ಸೂಳೆಕೆರೆ ಒಡೆದರೆ ಆ ನೀರು ಕುಡಿಯುವ ಊರುಗಳೆಲ್ಲ ಒಟ್ಟಿಗೆ ಮುಳುಗಿದಂತೆ, ಕೆರೆಗೆ ಕೈ ಹಾಕಿದವಳಿಗೆ ಇಡೀ ಮಂಡಳಿ ಶತ್ರು. ನಿಮ್ಮ ಕಥೆಯಲ್ಲಿ ಮನೆತನಗಳೆಲ್ಲ ಒಂದಾಗಬೇಕಾದರೆ ಈ ಕೆರೆಗೆ ಒಂದು ರೋಗ ತಗುಲಿಸಿ, ಸಾಕು.

ಮೂರನೆಯದು ಗುಲಾಮರ ಭಯ, ಮತ್ತು ಅದನ್ನು ಅದುಮಿಡುವ ಮಂತ್ರಶಕ್ತಿ ಲೋಲ್ತ್‌ಳಿಂದಲೇ ಬರುತ್ತದೆ ಎಂಬ ಸತ್ಯ. ಫರ್ಗಾಟನ್ ರೆಲ್ಮ್ಸ್‌ನ 1372ನೇ ವರ್ಷ ಲೋಲ್ತ್ ಏಕಾಏಕಿ ಮೌನವಾದಳು. ಪೂಜಾರಿಣಿಯರ ಮಂತ್ರಗಳು ಬತ್ತಿಹೋದವು, ಗುಲಾಮರು ಎದ್ದರು, ಜೇಡನ ಬಲೆಗಳ ಮೇಲೆ ತೂಗುತ್ತಿದ್ದ ಚೆಡ್ ನಸಾದ್ ನಗರ ಕುಸಿದು ಹಾಳಾಯಿತು. ಈ ಕಥೆಯ ಒಂದು ಎಳೆಯನ್ನು ನಿಮ್ಮ ಮೇಜಿಗೆ ತಂದುಕೊಳ್ಳಬಹುದು: ಒಂದು ಮನೆಯ ಯಜಮಾನಿಗೆ ಮಾತ್ರ ಮಂತ್ರ ನಿಂತಿದೆ, ಅವಳು ಅದನ್ನು ಮುಚ್ಚಿಡುತ್ತಿದ್ದಾಳೆ. ಮಗಳಿಗೆ ಅನುಮಾನ ಬಂದಿದೆ.

ಇನ್ನು ದಿನಚರಿ. ಊರ ನಡುವೆ ನಾರ್ಬಾಂಡೆಲ್ ಎಂಬ ಕಲ್ಲುಕಂಬ. ಪ್ರತಿದಿನ ಪ್ರಧಾನ ಮಾಂತ್ರಿಕ ಅದರ ಬುಡಕ್ಕೆ ಬೆಂಕಿಮಂತ್ರ ಹಾಕುತ್ತಾನೆ. ಕಾವು ಮೆಲ್ಲಗೆ ಮೇಲೇರುತ್ತದೆ, ಅದೇ ಗಡಿಯಾರ. ಹಳೆಯ ನಿಯಮಗಳಲ್ಲಿ ಡ್ರೌಗಳಿಗೆ ಬಿಸಿಯೇ ಕಣ್ಣಿಗೆ ಕಾಣುತ್ತಿತ್ತು, ಆದ್ದರಿಂದ ಇದು ಸರಿಯಿತ್ತು. 2000ದ ಮೂರನೆಯ ಆವೃತ್ತಿಯಿಂದ ಬಂದ ಡಾರ್ಕ್‌ವಿಷನ್ ಕತ್ತಲನ್ನು ಕಪ್ಪು-ಬಿಳುಪಾಗಿ ತೋರಿಸುತ್ತದೆ, ಬಿಸಿಯನ್ನಲ್ಲ. ಈಗಿನ ನಿಯಮದಲ್ಲಿ ಆಡುವವರು ಕಂಬ ಕೆಂಪಗೆ ಹೊಳೆಯುತ್ತದೆ ಎಂದು ಹೇಳಿಬಿಡಿ. ಇಲ್ಲದಿದ್ದರೆ ನಿಯಮಪುಸ್ತಕ ಕಂಠಪಾಠ ಮಾಡಿದ ಗೆಳೆಯನೊಬ್ಬ ಇದ್ದೇ ಇರುತ್ತಾನೆ.

ಉಳಿದ ದೇವರುಗಳು

ಲೋಲ್ತ್ ಒಬ್ಬಳೇ ಅಲ್ಲ. ಆದರೆ ಅವಳ ಊರಿನಲ್ಲಿ ಉಳಿದವರ ಪೂಜೆ ಪ್ರಾಣದ ಮೇಲಿನ ಆಟ. ಕಥೆಗೆ ನಿಜಕ್ಕೂ ಒದಗುವವರು ಆ ಅಣ್ಣ-ತಂಗಿ. ವೆರೌನ್ ಮುಸುಕಿನ ದೇವರು, ಕಳ್ಳರ ದೇವರು. ಗಂಡಸರಿಗೂ ಪಾಲು ಬೇಕು, ಡ್ರೌಗಳು ಮತ್ತೆ ನೆಲದ ಮೇಲೆ ಆಳಬೇಕು ಎನ್ನುವವನು, ಹಾಗೆಂದು ಒಳ್ಳೆಯವನೇನಲ್ಲ. ಐಲಿಸ್ಟ್ರೈ ಬೆಳದಿಂಗಳಲ್ಲಿ ಕತ್ತಿ ಹಿಡಿದು ಕುಣಿಯುವವಳು. ಅವಳ ಭಕ್ತೆಯರು ಕಾಡಿನ ಬಯಲಿನಲ್ಲಿ ಹಾಡಿ, ಓಡಿಬಂದ ಡ್ರೌಗಳಿಗೆ ಆಸರೆ ಕೊಡುತ್ತಾರೆ. ಗೌನದೌರ್ ಲೋಳೆಜೀವಿಗಳ ಪುರಾತನ ದೇವರು. ಕಿಯಾರನ್ಸಲೀ ಸೇಡಿನ, ನಡೆದಾಡುವ ಹೆಣಗಳ ದೇವಿ. ಸೆಲ್ವೆಟಾರ್ಮ್ ಲೋಲ್ತ್‌ಳ ಕಟ್ಟಾಳು. ಈ ಮೂವರಿಗೂ ಒಂದೊಂದು ಸಂಜೆಗಿಂತ ಹೆಚ್ಚು ಕೊಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಬಾಲ್ಡರ್ಸ್ ಗೇಟ್ 3ರಲ್ಲಿ ಪಾತ್ರ ಮಾಡುವಾಗ ಲೋಲ್ತ್‌ಗೆ ಆಣೆಯಿಟ್ಟ ಡ್ರೌ, ಸೆಲ್ಡರೀನ್ ಡ್ರೌ ಎಂದು ಎರಡು ಆಯ್ಕೆ ಕಾಣುತ್ತದಲ್ಲ, ಅದು ಇದೇ ಒಡಕು. ಮೊದಲನೆಯವರ ಕಣ್ಣು ಕೆಂಪು. ಎರಡನೆಯವರು ಅವಳನ್ನು ತೊರೆದವರು.

ಬೇರೆ ಲೋಕಗಳ ಕಪ್ಪು ಎಲ್ಫ್‌ಗಳಿಗೆ ಇದನ್ನೇ ಅಂಟಿಸಲು ಹೋಗಬೇಡಿ. ಎಬೆರಾನ್ ಲೋಕದ ಡ್ರೌಗಳು ಕಾಡಿನವರು, ದೈತ್ಯರ ವಿರುದ್ಧ ಹೋರಾಡಿದವರು, ಪೂಜಿಸುವುದು ಚೇಳನ್ನು. ಮಾರೋವಿಂಡ್ ಎಂಬ ಕಂಪ್ಯೂಟರ್ ಆಟದ ಡನ್ಮರ್‌ಗಳಲ್ಲೂ ಮಹಾ ಮನೆತನಗಳಿವೆ, ಆದರೆ ಅವರ ಧರ್ಮದ ಬೇರು ಪಿತೃಪೂಜೆಯಲ್ಲಿದೆ; ಸತ್ತ ಹಿರಿಯರು ಮನೆಯನ್ನು ಕಾಯುತ್ತಾರೆ. ನಮ್ಮ ಓದುಗರಿಗೆ ಅದು ಬೇಗ ಒಗ್ಗುತ್ತದೆ. ವಾರ್‌ಹ್ಯಾಮರ್‌ನ ಕಪ್ಪು ಎಲ್ಫ್‌ಗಳ ಮೈಬಣ್ಣ ಬಿಳಿ. ಪಾಥ್‌ಫೈಂಡರ್ ಆಟದವರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪರವಾನಗಿಯ ಜಗಳ ಎದ್ದ 2023ರಲ್ಲಿ ತಮ್ಮ ಪರಿಷ್ಕೃತ ಆವೃತ್ತಿಯಿಂದ ಡ್ರೌಗಳನ್ನೇ ತೆಗೆದುಹಾಕಿದರು.

ಮೇಜಿನ ಮೇಲೆ: ಬೆಳಕು, ಕತ್ತಲೆ, ವಿಷ

ಚಂದ್ರವಳ್ಳಿಯ ಅಂಕಲಿ ಮಠದ ನೆಲಮಾಳಿಗೆ ಕೋಣೆಗಳಿಗೆ ಟಾರ್ಚ್ ಹಿಡಿದು ಇಳಿದವರಿಗೆ ಡ್ರೌಗಳ ನೆಲದಡಿಯ ಲೋಕವಾದ ಅಂಡರ್‌ಡಾರ್ಕ್ ವಿವರಿಸಬೇಕಾಗಿಲ್ಲ. ಟಾರ್ಚಿನ ಬೆಳಕು ಬಿದ್ದಷ್ಟೇ ಜಗತ್ತು. ಹಿಡಿದವನು ಮಾತ್ರ ದೂರದಿಂದಲೇ ಎಲ್ಲರಿಗೂ ಕಾಣುತ್ತಾನೆ. ಐದನೆಯ ಆವೃತ್ತಿಯ ಲೆಕ್ಕ ಹೀಗೆ: ಪಂಜು 20 ಅಡಿ ಚೆನ್ನಾಗಿ, ಆಚೆಗೆ ಇನ್ನೂ 20 ಅಡಿ ಮಂಕಾಗಿ ಬೆಳಗುತ್ತದೆ, ಒಂದು ಗಂಟೆ ಉರಿಯುತ್ತದೆ. ಡ್ರೌ ಕಣ್ಣು 120 ಅಡಿ. ಅವರ ಕೈಬಿಲ್ಲು 30 ಅಡಿವರೆಗೆ ನೇರ, 120 ಅಡಿವರೆಗೆ ಎರಡು ದಾಳ ಉರುಳಿಸಿ ಕಡಿಮೆಯದನ್ನು ಇಟ್ಟುಕೊಳ್ಳುವ ಡಿಸ್ಅಡ್ವಾಂಟೇಜ್‌ನಲ್ಲಿ. ಒಂದು ಚೌಕ 5 ಅಡಿಯಾದರೆ 120 ಅಡಿಗೆ 24 ಚೌಕ. ಇಂಚಿನ ಚೌಕಗಳಾದರೆ ಮೇಜಿನ ಮೇಲೆ ಎರಡು ಅಡಿ ಉದ್ದ ಖಾಲಿ ಬಿಡಿ. ಬಿಡದಿದ್ದರೆ ಡ್ರೌಗಳು ಬಂದು ಮೂಗಿನ ಕೆಳಗೆ ನಿಂತು ಹೋರಾಡಿ ಸುಮ್ಮನೆ ಸಾಯುತ್ತಾರೆ. ಸಾಮಾನ್ಯ ಡ್ರೌಗೆ 2014ರ ಪುಸ್ತಕದಲ್ಲಿ ಇರುವುದು 13 ಜೀವಾಂಕ.

ಆಟಗಾರರ ಪರವಾಗಿಯೂ ಒಂದು ನಿಯಮ ಇದೆ, ಬಹಳ ಜನ ಮರೆಯುತ್ತಾರೆ. ಡಾರ್ಕ್‌ವಿಷನ್ ಗಾಢಕತ್ತಲನ್ನು ಮಂಕುಬೆಳಕಾಗಿಸುತ್ತದೆ, ಹಗಲಾಗಿಸುವುದಿಲ್ಲ. ಮಂಕುಬೆಳಕಿನಲ್ಲಿ ಕಣ್ಣಿಂದ ಹುಡುಕುವ ಪರ್ಸೆಪ್ಷನ್‌ಗೆ ಡಿಸ್ಅಡ್ವಾಂಟೇಜ್; ದಾಳ ಉರುಳಿಸದೆ ಬಳಸುವ ಪ್ಯಾಸಿವ್ ಅಂಕದಲ್ಲಿ 5 ಕಳೆಯಿರಿ. ಪಂಜು ಆರಿಸಿ ತೆವಳುವ ಕಳ್ಳನಿಗೆ ಡ್ರೌ ಕಾವಲುಗಾರರ ನಡುವೆಯೂ ಅವಕಾಶ ಇದೆ.

'ಡಾರ್ಕ್‌ನೆಸ್' ಮಂತ್ರದಲ್ಲಿ ಆಗುವ ಎಡವಟ್ಟು ಇನ್ನೂ ದೊಡ್ಡದು. 15 ಅಡಿ ತ್ರಿಜ್ಯದ, ಹತ್ತು ನಿಮಿಷದವರೆಗಿನ ಮಂತ್ರಗತ್ತಲೆ. ಇದರೊಳಗೆ ಡಾರ್ಕ್‌ವಿಷನ್ ಕೂಡ ಕುರುಡು, ಮಂತ್ರ ಹಾಕಿದವಳಿಗೂ ವಿನಾಯಿತಿ ಇಲ್ಲ. ಇಬ್ಬರಿಗೂ ಕಾಣದಿದ್ದಾಗ ಅಡ್ವಾಂಟೇಜ್ (ಎರಡು ದಾಳದಲ್ಲಿ ಹೆಚ್ಚಿನದು), ಡಿಸ್ಅಡ್ವಾಂಟೇಜ್ ಪರಸ್ಪರ ಹೊಡೆದುಹೋಗಿ ಏಟು ಮಾಮೂಲಿ ಆಗುತ್ತದೆ. ಹಾಗಾದರೆ ಏನು ಲಾಭ? 'ಕಾಣುವ ಗುರಿ' ಬೇಕಾದ ಮಂತ್ರಗಳೆಲ್ಲ ಕಟ್ಟುತ್ತವೆ. ಕಾಣದವನು ಓಡಿಹೋಗುವಾಗ ಹಿಂದಿನಿಂದ ಹೊಡೆಯಲು ಬರುವುದಿಲ್ಲ. ಅಂದರೆ ಇದು ತಪ್ಪಿಸಿಕೊಳ್ಳುವ ಮಂತ್ರ. ಕೊಲ್ಲುವುದಕ್ಕೆ ಬೇಕಾದದ್ದು 'ಫೇರಿ ಫೈರ್': 20 ಅಡಿ ಘನದೊಳಗೆ ಸಿಕ್ಕಿ, ಡೆಕ್ಸ್ಟೆರಿಟಿ ಸೇವ್ (ತಪ್ಪಿಸಿಕೊಳ್ಳಲು ಉರುಳಿಸುವ ದಾಳ) ಸೋತವರ ಮೈ ಮಿಣುಗುತ್ತದೆ, ಅವರ ಮೇಲೆ ಎಲ್ಲರಿಗೂ ಅಡ್ವಾಂಟೇಜ್. ಎರಡಕ್ಕೂ ಏಕಾಗ್ರತೆ ಬೇಕು, ಒಬ್ಬಳೇ ಎರಡನ್ನೂ ಹಿಡಿಯಲಾರಳು. ಇಬ್ಬರು ಹಂಚಿಕೊಂಡರೂ ಕತ್ತಲೆ ಎರಡನೆಯ ಹಂತದ್ದು, ಮಿಣುಕು ಮೊದಲನೆಯದು. ಒಂದರ ಮೇಲೊಂದು ಬಿದ್ದರೆ ಕತ್ತಲೆ ಮಿಣುಕನ್ನು ನುಂಗುತ್ತದೆ. ಅಕಾಡೆಮಿಯಲ್ಲಿ ಹತ್ತು ವರ್ಷ ಕಲಿತ ಡ್ರೌ ಈ ತಪ್ಪು ಮಾಡುವುದಿಲ್ಲ, ನೀವೂ ಮಾಡಬೇಡಿ. ಮೊದಲ ಸುತ್ತು ಮಿಣುಕು ಮತ್ತು ಬಾಣ. ಸೋಲುವ ಸೂಚನೆ ಬಂದಾಗ ಕತ್ತಲೆ ಮತ್ತು ಓಟ.

ಬಾಣದ ತುದಿಯ ವಿಷ ಸಮಾಜವನ್ನೂ ವಿವರಿಸುತ್ತದೆ. ಕಾನ್ಸ್ಟಿಟ್ಯೂಷನ್ ಸೇವ್ 13. ಸೋತರೆ ಒಂದು ಗಂಟೆ ವಿಷದ ನಿಶ್ಶಕ್ತಿ. 5 ಅಥವಾ ಹೆಚ್ಚು ಅಂತರದಲ್ಲಿ, ಅಂದರೆ 8 ಅಥವಾ ಕಡಿಮೆ ಬಂದರೆ, ಪ್ರಜ್ಞೆಯೇ ತಪ್ಪುತ್ತದೆ. ಪೆಟ್ಟು ಬಿದ್ದರೆ, ಅಥವಾ ಯಾರಾದರೂ ಒಂದು ಆಕ್ಷನ್ ಕೊಟ್ಟು ಅಲುಗಿಸಿದರೆ ಎಚ್ಚರ. ಕೊಲ್ಲುವವರು ಇಂತಹ ವಿಷ ಮಾಡಿಕೊಳ್ಳುವುದಿಲ್ಲ. ಗುಲಾಮರನ್ನು ಹಿಡಿಯುವವರು ಮಾಡಿಕೊಳ್ಳುತ್ತಾರೆ. ಆದ್ದರಿಂದ ಡ್ರೌ ಗಸ್ತಿಗೆ ಸೋತ ತಂಡವನ್ನು ಸಾಯಿಸಬೇಡಿ, ಕಟ್ಟಿ ಹೊತ್ತುಕೊಂಡು ಹೋಗಿ. ಎಲ್ಫ್ ಆಟಗಾರರು 'ನಮಗೆ ನಿದ್ದೆ ಬರಲ್ಲ' ಎಂದು ವಾದ ಹೂಡುತ್ತಾರೆ. ಅವರಿಗೆ ರಕ್ಷಣೆ ಇರುವುದು ಮಂತ್ರದ ನಿದ್ದೆಯಿಂದ, ಇದು ವಿಷ.

ಬಿಸಿಲಿನ ವಿಷಯ: 2014ರ ನಿಯಮದಲ್ಲಿ ಆಟಗಾರ ಡ್ರೌಗೆ ತಾನಾಗಲಿ ಗುರಿಯಾಗಲಿ ನೇರ ಬಿಸಿಲಿನಲ್ಲಿದ್ದರೆ ಏಟಿಗೆ ಡಿಸ್ಅಡ್ವಾಂಟೇಜ್. ಏಪ್ರಿಲ್ ಮಧ್ಯಾಹ್ನ ಪಿ.ಬಿ. ರಸ್ತೆಯಲ್ಲಿ ನಿಂತವರಿಗೆ ಇದರಲ್ಲಿ ಉತ್ಪ್ರೇಕ್ಷೆ ಕಾಣದು. 2024ರ ಆಟಗಾರರ ಕೈಪಿಡಿ ಈ ಕೊರತೆಯನ್ನು ತೆಗೆದಿದೆ. ಯಾವ ವರ್ಷದ ಪುಸ್ತಕ ಎಂದು ಮೊದಲ ದಿನವೇ ತೀರ್ಮಾನಿಸಿ.

ಪೂಜಾರಿಣಿಯ ಒಂದು ಅಂಕಿಯಲ್ಲಿ ಇಡೀ ಧರ್ಮ ಅಡಗಿದೆ. 2014ರ ರಾಕ್ಷಸ ಕೋಶದಲ್ಲಿ ಅವಳು ಲೋಲ್ತ್‌ಳ ದಾಸಿಯಾದ ಯೋಕ್ಲೋಲ್ ಪಿಶಾಚಿಯನ್ನು ಕರೆಯಬಹುದು. ಬರುವ ಸಾಧ್ಯತೆ ನೂರಕ್ಕೆ 30. ಬರದಿದ್ದರೆ ಕರೆದವಳಿಗೇ ಒಂದು ಡಿ10ರಷ್ಟು (ಹತ್ತು ಮುಖದ ದಾಳ) ಮಾನಸಿಕ ಪೆಟ್ಟು. ಹತ್ತು ಸಲ ಕೂಗಿದರೆ ಏಳು ಸಲ ಕಪಾಳಮೋಕ್ಷ. ಆ ದಾಳವನ್ನು ಪರದೆಯ ಹಿಂದೆ ಉರುಳಿಸಬೇಡಿ. ಎಲ್ಲರ ಎದುರು ಉರುಳಿಸಿ. ಅವಳ ಜೊತೆಗಿದ್ದ ತಂಗಿ ಆ ಸೋಲನ್ನು ನೋಡಿದಳು ಎಂಬುದು ಆಟಗಾರರಿಗೂ ಕಾಣಲಿ.

ಮೂರು ಮನೆ ಸಾಕು

ಎಂಟು ಮನೆತನ ಬರೆಯಲು ಕೂತವರು ಮೂರನೆಯ ವಾರ ಕೈಬಿಡುತ್ತಾರೆ. ಮೂರು ಬರೆಯಿರಿ: ಒಂದನೆಯದು, ಐದನೆಯದು, ಆರನೆಯದು. ಪ್ರತಿ ಮನೆಗೂ ನಾಲ್ಕೇ ಹೆಸರು: ಯಜಮಾನಿ, ಹಿರಿಮಗಳು, ಮಾಂತ್ರಿಕ ಮಗ, ವೆಪನ್ ಮಾಸ್ಟರ್. ಪ್ರತಿ ಹೆಸರಿನ ಮುಂದೆ ಆ ಮನೆಯೊಳಗೇ ಅವರು ಯಾರನ್ನು ತೆಗೆಯಲು ಕಾಯುತ್ತಿದ್ದಾರೆ ಎಂದು ಒಂದು ಸಾಲು. ಜೊತೆಗೆ ಒಂದಂಕಿ: ಕೃಪೆ, 0ರಿಂದ 10. ಇದು ಪುಸ್ತಕದ ನಿಯಮವಲ್ಲ, ನಾನೇ ಮಾಡಿಕೊಂಡದ್ದು.

ಪ್ರತಿ ಆಟದ ಕೊನೆಗೆ ಹವಣಿಕೆಯಲ್ಲಿರುವ ಮನೆಗೆ ಒಂದು ಡಿ10 ಉರುಳಿಸಿ. ಕೃಪೆಗೆ ಸಮ ಅಥವಾ ಕಡಿಮೆ ಬಂದರೆ ಹವಣಿಕೆ ಗುಟ್ಟಾಗಿ ಮುಂದುವರಿಯಿತು, ಕೃಪೆ 1 ಇಳಿಯಿತು. ಗೆದ್ದರೂ ಇಳಿಯುವುದೇಕೆ ಎಂದರೆ ದೇವಿಗೆ ಬೇಗ ಬೇಸರ. ನಿನ್ನೆಯ ಗೆಲುವು ನಿನ್ನೆಗೆ. ಹೆಚ್ಚು ಬಂದರೆ ಒಬ್ಬ ಸಾಕ್ಷಿ ಹುಟ್ಟಿಕೊಂಡ, ಕೃಪೆ 3 ಇಳಿಯಿತು. ಶತ್ರು ಮನೆಯನ್ನು ಸಾಕ್ಷಿಯಿಲ್ಲದೆ ಮುಗಿಸಿದರೆ 4 ಏರಿಕೆ. ಕೃಪೆ 0 ಮುಟ್ಟಿದ ಮನೆಯ ಮೇಲೆ ಮುಂದಿನ ಆಟದಲ್ಲಿ ಯಾರಾದರೂ ಬೀಳುತ್ತಾರೆ. ಆರನೆಯ ಮನೆಗೆ 7, ಐದನೆಯದಕ್ಕೆ 3, ಒಂದನೆಯದಕ್ಕೆ 8 ಕೊಟ್ಟು ಶುರು ಮಾಡಿ. ಯಾರು ಯಾರ ಮೇಲೆ ಕಣ್ಣಿಟ್ಟಿದ್ದಾರೆ ಎಂದು ನೀವು ಹೇಳಬೇಕಾಗಿಯೇ ಇಲ್ಲ. ಆಟಗಾರರ ತಂಡ ಬಹುಪಾಲು ಆ ಸಾಕ್ಷಿಯನ್ನು ಹುಡುಕುವ ಕೂಲಿಯವರೋ, ಅಡಗಿಸುವವರೋ ಆಗಿರುತ್ತದೆ. ನೇರ ಯುದ್ಧಕ್ಕಿಂತ ಇದರಲ್ಲಿ ರಸ ಹೆಚ್ಚು.

ಕೋಟೆಗೆ ನಕ್ಷೆ ಬೇಕಾದರೆ ಚಿತ್ರದುರ್ಗವನ್ನೇ ಮಾದರಿ ಇಟ್ಟುಕೊಳ್ಳಿ. ಏಳು ಸುತ್ತು, ಯಾವ ಬಾಗಿಲೂ ನೇರವಾಗಿ ಮುಂದಿನ ಬಾಗಿಲಿಗೆ ತೆರೆಯದ ತಿರುವು, ಬಂಡೆಗಳ ನಡುವೆ ಒಬ್ಬನೇ ತೂರಬಹುದಾದ ಕಿಂಡಿ. ಓಬವ್ವನ ಕಿಂಡಿಯ ಪಾಠ ಅಂಡರ್‌ಡಾರ್ಕ್‌ನಲ್ಲಿ ನಿತ್ಯದ್ದು: ಒಬ್ಬೊಬ್ಬರೇ ತೆವಳಿ ಬರುವ ಜಾಗದಲ್ಲಿ ಹೈದರಾಲಿಯ ದಂಡು ಎಷ್ಟಿದ್ದರೇನು, ಆಚೆ ಕಡೆ ಒನಕೆ ಹಿಡಿದವಳು ಒಬ್ಬಳು ಸಾಕು. 5 ಅಡಿ ಅಗಲದ ಕಿಂಡಿಯ ಆಚೆ ಒಬ್ಬ ವೆಪನ್ ಮಾಸ್ಟರ್ ನಿಂತರೆ ಆರು ಜನರ ತಂಡದಲ್ಲಿ ಕತ್ತಿ ತಾಗಿಸುವವನು ಒಬ್ಬನೇ. ಆಟಗಾರರು ಮೊದಲ ಸಲ ಸೋಲುತ್ತಾರೆ, ಎರಡನೆಯ ಸಲ ಬೇರೆ ದಾರಿ ಹುಡುಕುತ್ತಾರೆ. ಆ ಬೇರೆ ದಾರಿಯನ್ನು ನೀವು ಮೊದಲೇ ಬರೆದಿಟ್ಟಿರಬೇಕು.

ಬಣ್ಣದ ಮಾತು

1970ರ ದಶಕದ ಪುಸ್ತಕಗಳು ಕಪ್ಪು ಮೈಯನ್ನೂ ಕೆಟ್ಟತನವನ್ನೂ ಒಂದೇ ಉಸಿರಿನಲ್ಲಿ ಹೇಳಿದವು. ಅದರ ಬಗ್ಗೆ ಬಂದ ಟೀಕೆಗೆ ಪ್ರಕಾಶಕರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ 2020ರ ಜೂನ್‌ನಲ್ಲಿ ಉತ್ತರಿಸಿ, ಡ್ರೌಗಳನ್ನೂ ಒರ್ಕ್‌ಗಳನ್ನೂ ಬೇರೆ ಜನರಂತೆಯೇ ಸಂಕೀರ್ಣವಾಗಿ ಚಿತ್ರಿಸುವುದಾಗಿ ಹೇಳಿದರು. 2021ರಲ್ಲಿ ಮೂರು ಪಂಗಡಗಳು ಬಂದವು: ಲೋಲ್ತ್‌ಳ ಹಿಡಿತದಲ್ಲಿರುವ ಉದಾಡ್ರೌ, ಉತ್ತರದ ಹಿಮನಾಡಿನ ಏವೆನ್‌ಡ್ರೌ, ದಕ್ಷಿಣದ ಕಾಡಿನ ಲೋರೆನ್‌ಡ್ರೌ. ಕೊನೆಯ ಎರಡು ಪಂಗಡಗಳಿಗೆ ಲೋಲ್ತ್‌ಳ ಸೋಂಕೇ ಇಲ್ಲ. ಹಳಬರು ಕೆಲವರು ಗೊಣಗಿದರು. ಗೊಣಗಲು ಕಾರಣವಿಲ್ಲ: ಕೆಟ್ಟತನ ಊರಿನ ಕಾನೂನಿನಿಂದ, ದೇವಿಯ ಲೆಕ್ಕದಿಂದ ಹುಟ್ಟುತ್ತದೆ ಎಂದ ಮೇಲೆ ಕಥೆಗೆ ಮೈಬಣ್ಣದ ಹಂಗಿಲ್ಲ. ಕೃಷ್ಣನನ್ನೂ ಕಾಳಮ್ಮನನ್ನೂ ಕಪ್ಪಾಗಿಯೇ ಪೂಜಿಸುವ ನಾಡಿನಲ್ಲಿ 'ಕಪ್ಪಗಿದ್ದಾನೆ, ಹುಷಾರು' ಎಂಬ ವಿವರಣೆ ಕೇಳಲೂ ಕೆಟ್ಟದಾಗಿರುತ್ತದೆ. ಎದುರು ಬಂದವನನ್ನು ಎದೆಯ ಮೇಲಿನ ಮನೆತನದ ಲಾಂಛನದಿಂದ ಗುರುತಿಸಲಿ.

ನಮ್ಮ ಕಡೆಯ ಅಪಾಯ ಇನ್ನೊಂದು. 'ಮನೆತನ', 'ಕುಲ' ಎನ್ನುತ್ತಾ ಹೋದಂತೆ ಯಾರೋ ಒಬ್ಬರು ತಮಾಷೆಗೆ ಊರಿನ ಯಾವುದೋ ಜಾತಿಯ, ಮಠದ, ರಾಜಕೀಯ ಕುಟುಂಬದ ಹೆಸರನ್ನು ಒಂದು ಡ್ರೌ ಮನೆಗೆ ಅಂಟಿಸುತ್ತಾರೆ. ಅಲ್ಲಿಗೆ ಆಟ ಮುಗಿದು ಜಗಳ ಶುರು. ಮೊದಲ ದಿನವೇ ಇದು ಬೇಡ ಎಂದು ಹೇಳಿಬಿಡಿ. ಅದೇ ಉಸಿರಿನಲ್ಲಿ ಗುಲಾಮಗಿರಿ, ಚಾಟಿ, ಬಲಿ ಇವುಗಳಲ್ಲಿ ಎಷ್ಟನ್ನು ಮೇಜಿನ ಮೇಲೆ ಬಾಯಿಬಿಟ್ಟು ವರ್ಣಿಸುತ್ತೀರಿ, ಎಷ್ಟನ್ನು ಪರದೆಯ ಹಿಂದೆ ಬಿಡುತ್ತೀರಿ ಎಂದೂ ಕೇಳಿಕೊಳ್ಳಿ. ಹೆಣ್ಣಾಳ್ವಿಕೆಯನ್ನು ಬರೀ ಚಾಟಿಯ ಪ್ರದರ್ಶನ ಮಾಡಿದ ಮೇಜುಗಳಿಂದ ಆಡಲು ಬಂದ ಹುಡುಗಿಯರು ಎದ್ದುಹೋಗುತ್ತಾರೆ, ಎದ್ದುಹೋಗುವುದು ಸರಿಯೇ. ಯಜಮಾನಿಗೆ ಚಾಟಿ ಎತ್ತುವ ಅಗತ್ಯ ಬರುವುದು ಅವಳ ಮಾತು ನಡೆಯದಾದಾಗ.

ಒಂದು ಕೊನೆಯ ಉಪಾಯ. ಡ್ರೌಗಳಿಗೆ ಸದ್ದಿಲ್ಲದ ಕೈಸನ್ನೆಯ ಭಾಷೆ ಇದೆ. ನಿಮ್ಮ ಮೇಜಿಗೂ ಆರು ಸನ್ನೆ ಕಟ್ಟಿಕೊಳ್ಳಿ: ನಿಲ್ಲು, ಬಾ, ಶತ್ರು, ಎಷ್ಟು ಜನ, ಸುಳ್ಳು ಹೇಳುತ್ತಿದ್ದಾನೆ, ಓಡು. ಗಸ್ತು ಹತ್ತಿರ ಬಂದಾಗ ಯಾರೂ ಬಾಯಿ ಬಿಡುವಂತಿಲ್ಲ ಎಂದು ನಿಯಮ ಮಾಡಿ. ಕೈಗೆ ಮಿರ್ಚಿ ಎಣ್ಣೆ ಅಂಟಿದವರು ಮೊದಲು ಒರೆಸಿಕೊಳ್ಳಲಿ, ಕ್ಯಾರೆಕ್ಟರ್ ಶೀಟ್ ಹಾಳಾಗುತ್ತದೆ.